ಸ್ಟ್ಯಾಮ್‌ಫರ್ಡ್ ಸೇತುವೆಯ ಉಪನ್ಯಾಸಕ್ಕೆ ಬಂದವರಿಗೆ

ಕಾರ್ಲ್‌ಸ್ಟಾಡ್
ಭಾನುವಾರ, ೨೮ ಸೆಪ್ಟೆಂಬರ್ ೨೦೨೫

ಶಂಕರ ಅವರಿಗೆ,

ನಿಮ್ಮ ಕ್ಷೇಮ ವಿಚಾರಿಸಲು ಬರೆಯುತ್ತಿಲ್ಲ. ನಿನ್ನೆ ಲೈಬ್ರರಿಯಲ್ಲಿ ನೀವು ಮಾಡಿದ್ದಕ್ಕೆ ಉತ್ತರ ಕೊಡಬೇಕಾಗಿದೆ. ಫೋನಿನಲ್ಲಾದರೆ ನೀವು ನನಗೆ ಮಾತು ಮುಗಿಸಲು ಬಿಡುವುದಿಲ್ಲ.

ಆರು ವರ್ಷ ನಾನು ಓದಿದ್ದು ಒಂದೇ ಯುದ್ಧವನ್ನು. ನೀವು ಅದಕ್ಕೆ ಒಂದು ದಿನವೂ ಕಿವಿಗೊಡಲಿಲ್ಲ, ನಿನ್ನೆ ಕೂಡ. ಈಗ ಕೇಳಿ. ೧೦೬೬ರಲ್ಲಿ ನಾರ್ವೆಯ ರಾಜ ಹರಾಲ್ಡ್ ಮುನ್ನೂರು ಹಡಗು ತುಂಬ ಜನರೊಂದಿಗೆ ಇಂಗ್ಲೆಂಡ್ ಗೆಲ್ಲಲು ಹೋದ. ಬಿಸಿಲು ಜೋರಾಗಿತ್ತೆಂದು ಅವನ ಸೈನಿಕರು ಕವಚಗಳನ್ನು ಹಡಗಿನಲ್ಲೇ ಬಿಟ್ಟು ಸ್ಟ್ಯಾಮ್‌ಫರ್ಡ್ ಸೇತುವೆಯ ಹತ್ತಿರ ಬೀಡುಬಿಟ್ಟಿದ್ದರಂತೆ. ಇಂಗ್ಲೆಂಡಿನ ಸೈನ್ಯ ಅಷ್ಟು ಬೇಗ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಹರಾಲ್ಡ್ ಅಲ್ಲೇ ಸತ್ತ. ಉಳಿದವರು ಮರಳಲು ಇಪ್ಪತ್ತನಾಲ್ಕು ಹಡಗು ಸಾಕಾದವು. ಆ ರಾಜ್ಯದ ಮೇಲಿನ ವೈಕಿಂಗರ ಆಸೆ ಅಂದಿಗೆ ಮುಗಿಯಿತೆನ್ನುತ್ತಾರೆ.

ನಿನ್ನೆ ನನ್ನ ಉಪನ್ಯಾಸದಲ್ಲಿ ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ನೀವು ಎದ್ದು ನಿಂತಿರಿ. ಸೋಡರ್‌ಟೆಲ್ಯೆಯಿಂದ ಅಷ್ಟು ದೂರ ಕಾರು ಓಡಿಸಿಕೊಂಡು ಬಂದದ್ದು ಇದಕ್ಕೇ. ಊರಿನ ಕನ್ನಡದವರೆಲ್ಲ ಕೇಳುವಂತೆ ಹೇಳಿದಿರಿ: "ಸತ್ತ ರಾಜರಿಗೆಲ್ಲ ಟೈಮ್ ಇದೆ ಇವಳಿಗೆ. ಮಗೂಗೆ ಬಿಸಿ ಊಟ ಹಾಕೋಕೆ ಮಾತ್ರ ಇಲ್ಲ."

ನಾವು ಬೇರೆಯಾದ ಮೇಲೆ ಇದು ನಿಮ್ಮ ಮೂರನೇ ದಾಳಿ. ಮೊದಲು ಬೆಂಗಳೂರಿನಲ್ಲಿರುವ ನನ್ನ ಅಮ್ಮನಿಗೆ ಫೋನ್ ಮಾಡಿ ಅಳಿಸಿದಿರಿ. ಆಮೇಲೆ ಮಗುವನ್ನು ಒಂಟಿ ಬಿಡುತ್ತೇನೆಂದು ಕಮ್ಯೂನ್‌ನ ಮಕ್ಕಳ ಕಲ್ಯಾಣ ಕಚೇರಿಗೆ ದೂರು ಬರೆದಿರಿ. ಅವರು ಬಂದು ಫ್ರಿಜ್ ತೆಗೆದು ನೋಡಿದರು, ತಾನ್ಯಾಳನ್ನು ಮಾತಾಡಿಸಿದರು, ಫೈಲು ಮುಚ್ಚಿದರು.

ಊಟದ ಮಾತು ಪೂರ್ತಿ ಸುಳ್ಳಲ್ಲ. ಈ ತಿಂಗಳು ಎಷ್ಟೋ ಸಂಜೆ ಅವಳು ಬ್ರೆಡ್ ತಿಂದಿದ್ದಾಳೆ. ಯಾಕೆಂದು ನೀವು ಕೇಳಲಿಲ್ಲ.

ನಿನ್ನೆ ನಿಮ್ಮನ್ನು ಸೋಲಿಸಿದ್ದು ನಾನಲ್ಲ. ಎಂಟು ವರ್ಷದ ಮಗಳು ಮಕ್ಕಳ ಪುಸ್ತಕಗಳ ಮೂಲೆಯಿಂದ ಓಡಿಬಂದು ನಮ್ಮಿಬ್ಬರ ನಡುವೆ ನಿಂತಳು. "ಸ್ಲೂಟಾ, ಪಪ್ಪಾ!" ಎಂದು ಶಾಲೆಯ ಭಾಷೆಯಲ್ಲಿ ಕಿರುಚಿದಳು. ಆಮೇಲೆ ಅದನ್ನೇ ಕನ್ನಡದಲ್ಲಿ, ತಡವರಿಸುತ್ತಾ: "ನಿಲ್ಸು, ಸಾಕು. ನೀನು ಬಂದ್ರೆ ಅಮ್ಮ ರಾತ್ರಿಯೆಲ್ಲ ಎದ್ದೇ ಇರ್ತಾಳೆ." ನೀವು ಕೋಟನ್ನೂ ಹಾಕಿಕೊಳ್ಳದೆ ಹೊರಟುಹೋದಿರಿ. ಆಗ ನನಗೆ ಸಂತೋಷವಾಯಿತು. ಬಚ್ಚಿಡುವುದಿಲ್ಲ.

ಯುದ್ಧದಲ್ಲಿ ಬದುಕುಳಿದ ಹರಾಲ್ಡನ ಮಗನನ್ನು ಇಂಗ್ಲೆಂಡಿನ ರಾಜ ಕೊಲ್ಲಲಿಲ್ಲ. ಇನ್ನು ದಂಡೆತ್ತಿ ಬರುವುದಿಲ್ಲವೆಂದು ಆಣೆ ಹಾಕಿಸಿ ಕಳಿಸಿದ. ನನ್ನದೂ ಅದೇ ಷರತ್ತು. ಅಮ್ಮನಿಗೆ ಫೋನ್ ಕೂಡದು. ಸುಳ್ಳು ದೂರು ಕೂಡದು. ಜನರೆದುರು ನನ್ನ ಹೆಸರೆತ್ತಕೂಡದು. ಒಪ್ಪಿ ಸಹಿ ಮಾಡಿ ಕಳಿಸಿದರೆ ತಾನ್ಯಾಳ ಶನಿವಾರಗಳು ನಿಮ್ಮವು. ಇದನ್ನು ಕ್ಷಮೆ ಎಂದುಕೊಳ್ಳಬೇಡಿ. ಅವಳಿಗೆ ಅಪ್ಪ ಬೇಕು, ಅಷ್ಟೇ.

ತಾನ್ಯಾಳ ತಾಯಿ,
ನಳಿನಿ

ತಾ.ಕ.: ಅಕ್ಟೋಬರ್ ಏಳಕ್ಕೆ ನನಗೆ ಸ್ತನದ ಆಪರೇಷನ್. ಈ ತಿಂಗಳೆಲ್ಲ ಆಸ್ಪತ್ರೆಗೆ ಅಲೆದೆ, ಗಂಟು ಒಳ್ಳೆಯದಲ್ಲವಂತೆ. ಅಮ್ಮನಿಗೂ ತಾನ್ಯಾಳಿಗೂ ಇನ್ನೂ ಹೇಳಿಲ್ಲ. ಶನಿವಾರಗಳಷ್ಟೇ ಸಾಲವು, ಎರಡು ವಾರ ಅವಳು ನಿಮ್ಮ ಹತ್ತಿರವೇ ಇರಬೇಕಾಗುತ್ತದೆ. ಇದನ್ನು ಕೇಳಲೆಂದೇ ಬರೆಯಲು ಕೂತಿದ್ದೆ.