ಕಪ್ಪು ಬಾವಲಿಯ ಚೀಟಿ

ನವೆಂಬರ್ ೧, ಭಾನುವಾರ
ಬೆಳಿಗ್ಗೆ ಎಂಟು ಗಂಟೆ

ಪ್ರೀತಿಯ ಡಾರ್ಲಾ,

ನಿನ್ನ ಮಗಳು ಮಾರೆನ್ ನನ್ನ ಮನೆಯ ಮೇಲಿನ ಕೋಣೆಯಲ್ಲಿ ಆರೋಗ್ಯವಾಗಿದ್ದಾಳೆ. ಮೊದಲು ಇದಿಷ್ಟನ್ನು ಓದಿಕೊಂಡು ಉಸಿರು ಬಿಡು, ಆಮೇಲೆ ಮುಂದಕ್ಕೆ ಹೋಗು. ಹಡಗಿನ ಅಡುಗೆಮನೆಯಲ್ಲಿ ಒಂದು ಕೈಯಲ್ಲಿ ಸೌಟು ಹಿಡಿದು, ನಿಂತುಕೊಂಡೇ ಪತ್ರ ಓದುವವಳು ನೀನು. ಇದೊಂದನ್ನು ದಯವಿಟ್ಟು ಕುಳಿತು ಓದು.

ಫೋನ್ ಮಾಡಬಹುದಿತ್ತು. ಆದರೆ ನಿನ್ನ ಹಡಗು ಸರೋವರದ ನಡುವೆ ಇರುವಾಗ ಮಾತು ಅರ್ಧಕ್ಕೇ ಕಡಿದುಹೋಗುತ್ತದೆ. ಈ ವಿಷಯವನ್ನು ಅರ್ಧ ಕೇಳಿಸಿಕೊಂಡವರು ನಿನ್ನ ಮಗಳನ್ನು ತಪ್ಪು ತಿಳಿಯುತ್ತಾರೆ. ಊರಿನಲ್ಲಿ ಆಗಿರುವುದೂ ಅದೇ.

ನಿನ್ನೆ ಹ್ಯಾಲೊವೀನ್ ಬೆಳಗಿನ ಪ್ಯಾನ್‌ಕೇಕ್ ತಿಂಡಿಗೆ ಬಂದಿದ್ದ ಎಮೆಟ್ ಎಂಬ ಆರು ವರ್ಷದ ಹುಡುಗ ಈಗ ಆಸ್ಪತ್ರೆಯಲ್ಲಿದ್ದಾನೆ. ದಂತವೈದ್ಯರ ಬಳಿ ಕೆಲಸ ಮಾಡುವ ಟ್ರಿನಾಳ ಮಗ. ನೀನು ಅವನನ್ನು ತೊಟ್ಟಿಲಲ್ಲಿ ನೋಡಿದ್ದೀಯೆ. ಅವನು ತಿಂದದ್ದು ಮಾರೆನ್ ಕಲಸಿದ ಕಪ್ಪು ಹಿಟ್ಟಿನ, ಬಾವಲಿ ಚಿತ್ರದ ಪ್ಯಾನ್‌ಕೇಕ್. ಹತ್ತು ಗಂಟೆಗೆ ಅವನ ರಕ್ತವನ್ನು ಇನ್ನೊಮ್ಮೆ ಪರೀಕ್ಷಿಸುತ್ತಾರಂತೆ. ಅಲ್ಲಿಯವರೆಗೆ ನನಗೆ ಬರೆಯುವುದನ್ನು ಬಿಟ್ಟು ಬೇರೆ ಯಾವ ಕೆಲಸಕ್ಕೂ ಕೈ ಬರುತ್ತಿಲ್ಲ. ಎರಡು ಬಾರಿ ಕಾಫಿ ಇಟ್ಟೆ, ಎರಡೂ ಬಾರಿ ಉಕ್ಕಿಸಿದೆ.

ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ.

ಈ ವರ್ಷ ಪೋಷಕರು ಸಭೆ ಸೇರಿ, ಪ್ಯಾನ್‌ಕೇಕ್ ಹಿಟ್ಟಿಗೆ ಬಾಟಲಿಯ ಬಣ್ಣ ಒಂದು ಹನಿಯೂ ಬೇಡವೆಂದು ತೀರ್ಮಾನಿಸಿದರು. ನನಗೂ ಅದು ಸರಿಯೆನಿಸಿತು. ನನ್ನ ಅಡುಗೆ ಕ್ಲಬ್ಬಿನ ಒಂಬತ್ತು ಮಕ್ಕಳಿಗೆ ತರಕಾರಿ, ಹಣ್ಣುಗಳಿಂದಲೇ ಬಣ್ಣ ತೆಗೆಯುವ ಕೆಲಸ ಕೊಟ್ಟೆ. ಕಾವಲಿಯ ಯಜಮಾನಿಕೆಯನ್ನು ಮಾರೆನ್‌ಗೆ ವಹಿಸಿದೆ. ಹದಿನಾರನೆಯ ವಯಸ್ಸಿಗೇ ಆ ಸ್ಥಾನ ಸಿಕ್ಕಿದ್ದು ನಿನಗೆ, ನಿನ್ನ ಬಳಿಕ ಇವಳಿಗೆ. ಸಿಹಿಗುಂಬಳದಿಂದ ಕಿತ್ತಳೆ ಬಣ್ಣ ಚೆನ್ನಾಗಿಯೇ ಬಂತು. ಪಾಲಕ್ ಅರೆದು ಹಾಕಿದ್ದು ಕಪ್ಪೆಯ ಬೆನ್ನಿನಂತೆ ಹಸಿರಾಯಿತು. ನೇರಳೆಗೆಂದು ಬ್ಲೂಬೆರಿ ಹಾಕಿದರೆ, ಅಡುಗೆ ಸೋಡಾ ಸೇರಿದ ಗಳಿಗೆಯಲ್ಲೇ ಹಿಟ್ಟು ಹಳೆಯ ಪಾತ್ರೆ ತೊಳೆದ ನೀರಿನ ಬಣ್ಣಕ್ಕೆ ತಿರುಗಿತು. ಮಕ್ಕಳೆಲ್ಲ ಗೋಳಾಡುತ್ತಿದ್ದಾಗ ಮಾರೆನ್ ಬಟ್ಟಲನ್ನು ಬೆಳಕಿಗೆ ಹಿಡಿದು, “ಅಳ್ಬೇಡ್ರೋ, ಇದಕ್ಕೆ ಹೆಣದ ಚರ್ಮ ಅಂತ ಹೆಸರಿಡೋಣ. ಎಲ್ಲಕ್ಕಿಂತ ಮೊದಲು ಇದೇ ಖಾಲಿಯಾಗುತ್ತೆ ನೋಡ್ತಿರಿ” ಎಂದಳು. ಹಾಗೆಯೇ ಆಯಿತು.

ಕಷ್ಟವಾದದ್ದು ಕಪ್ಪು. ಕೋಕೋ ಎಷ್ಟು ಹಾಕಿದರೂ ಕಂದು ದಾಟಲಿಲ್ಲ. “ಇದು ಬಾವಲಿ ಅಲ್ಲ ಟೀಚರ್, ಅಳಿಲು. ಅದೂ ಹಸಿದಿರೋ ಅಳಿಲು” ಎಂದು ನಿನ್ನ ಮಗಳು ಮೂಗು ಮುರಿದಳು. ನಾಲ್ಕು ದಿನ ಹುಡುಕಿ, ತಿನ್ನಲೆಂದೇ ಮಾರುವ ಇದ್ದಿಲ ಪುಡಿಯ ಪೊಟ್ಟಣವೊಂದನ್ನು ತಂದಳು. ತೆಂಗಿನ ಚಿಪ್ಪು ಸುಟ್ಟು ಮಾಡಿದ್ದು. ಒಂದು ಚಮಚಕ್ಕೆ ಇಡೀ ಬಟ್ಟಲು ಶಾಯಿಯಂತಾಯಿತು. ಸಾಸ್ ಬಾಟಲಿಗೆ ತುಂಬಿ, ಕಾದ ಕಾವಲಿಯ ಮೇಲೆ ಮೊದಲು ರೆಕ್ಕೆ ಬರೆದು, ಅದು ಹಿಡಿದುಕೊಂಡ ಮೇಲೆ ಸುತ್ತ ಕಿತ್ತಳೆ ಹಿಟ್ಟು ಹೊಯ್ದು ಮಗುಚಿದಾಗ, ಹುಣ್ಣಿಮೆಯ ಮುಂದೆ ಹಾರುವ ಬಾವಲಿ ಸಟ್ಟುಗದ ಮೇಲೆ ಕುಳಿತಿತ್ತು. ನಾನು ಚಪ್ಪಾಳೆ ತಟ್ಟಿದೆ, ಡಾರ್ಲಾ. ನನ್ನ ಮೂವತ್ತೊಂದು ವರ್ಷದ ತಿಂಡಿಗಳಲ್ಲಿ ಅಂಥದ್ದನ್ನು ಕಂಡಿರಲಿಲ್ಲ.

ನಿನ್ನೆ ಅಗ್ನಿಶಾಮಕ ಠಾಣೆಯಿಂದ ವಾಹನಗಳನ್ನು ಹೊರಗೆ ನಿಲ್ಲಿಸಿ ಮೇಜು ಹಾಕಿದ್ದರು. ಏಳೂವರೆಗೇ ಸಾಲು ರಸ್ತೆಗೆ ಮುಟ್ಟಿತ್ತು. ಠಾಣೆಯ ಮುಖ್ಯಸ್ಥ ರೋಲಿ ಮಾಟಗಾತಿಯ ಟೋಪಿ ಹಾಕಿಕೊಂಡು ಸಾಸೇಜು ಬಡಿಸುತ್ತಿದ್ದ. “ನನ್ನ ಹೆಂಡ್ತಿ ಟೋಪಿನೇ ಇದು, ವರ್ಷಪೂರ್ತಿ ಹಾಕ್ಕೋತಾಳೆ” ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದ. ಅವಳು ಹಿಂದೆಯೇ ನಿಂತು ಜಗ್ಗಿನಿಂದ ಅವನ ಕಾಲರಿನೊಳಕ್ಕೆ ತಣ್ಣೀರು ಬಿಟ್ಟಳು. ಅಸ್ಥಿಪಂಜರದ ಉಡುಪಿನಲ್ಲಿದ್ದ ಎಮೆಟ್ ಮೂರು ಬಾವಲಿ ತಿಂದ. ಮೊದಲನೆಯದಕ್ಕೆ ಮುಂಚೆ ಟ್ರಿನಾ ಚೀಲದಿಂದ ಮಾತ್ರೆ ತೆಗೆದು, ಹಾಲಿನೊಂದಿಗೆ ನುಂಗಿಸಿದಳು. ಅವನಿಗೆ ಫಿಟ್ಸ್ ಬರುತ್ತದೆ. ಆ ಮಾತ್ರೆಯ ದೆಸೆಯಿಂದ ಹದಿನಾಲ್ಕು ತಿಂಗಳಿಂದ ಒಮ್ಮೆಯೂ ಬಂದಿರಲಿಲ್ಲ.

ಒಂಬತ್ತರ ಹೊತ್ತಿಗೆ ಹುಡುಗ ಬಂದು ನಾಲಿಗೆ ಚಾಚಿದ. ಕಪ್ಪಗಿತ್ತು. ಟ್ರಿನಾ ನಗುತ್ತಲೇ ಕಾವಲಿಯ ಬಳಿ ಬಂದು, “ಏನ್ ಹಾಕಿದ್ಯೇ ಮಾರೆನ್, ಎಷ್ಟು ಒರೆಸಿದ್ರೂ ಹೋಗ್ತಿಲ್ಲ!” ಎಂದು ಕೇಳಿದಳು. ಮಾರೆನ್ ಹೇಳಿದಳು. ಇದ್ದಿಲು ಎಂಬ ಮಾತು ಬಾಯಿಂದ ಹೊರಟದ್ದೇ ತಡ, ಟ್ರಿನಾಳ ಮುಖದಿಂದ ನಗು ಇಳಿದುಹೋಯಿತು. ನಮ್ಮಲ್ಲಿ ಅವಳೊಬ್ಬಳಿಗೆ ಅದು ಗೊತ್ತಿತ್ತು: ವಿಷ ನುಂಗಿದವರಿಗೆ ಆಸ್ಪತ್ರೆಯಲ್ಲಿ ಅದನ್ನೇ ಕುಡಿಸುತ್ತಾರೆ, ಏಕೆಂದರೆ ಹೊಟ್ಟೆಯಲ್ಲಿರುವುದನ್ನು ಅದು ಹಿಡಿದುಕೊಂಡು ರಕ್ತಕ್ಕೆ ಹೋಗಗೊಡುವುದಿಲ್ಲ. ವಿಷವನ್ನು ಹಿಡಿದಂತೆ ಔಷಧವನ್ನೂ ಹಿಡಿಯುತ್ತದೆ.

“ಚೀಟಿ ಮೇಲೆ ಯಾಕೆ ಬರೀಲಿಲ್ಲ?” ಎಂದು ಬಾವಲಿಗಳ ಮುಂದೆ ನಿಲ್ಲಿಸಿದ್ದ ಹೆಸರಿನ ಚೀಟಿ ತೋರಿಸಿ ಅವಳು ಕೂಗಿದಳು. ರೋಲಿ ಟೋಪಿ ತೆಗೆದು ಮೇಜಿನ ಮೇಲಿಟ್ಟ. “ಏನಮ್ಮಾ ಹುಡುಗಿ, ಎರಡು ಅಕ್ಷರ ಬರೆಯೋಕೆ ಆಗ್ಲಿಲ್ವಾ ನಿಂಗೆ? ಯಾರು ಕಲಸಿದ್ದು ಇದನ್ನ?” ಎಂದು ಗದರಿದ.

“ನಾನೇ ಕಲಸಿದ್ದು” ಎಂದಳು ಮಾರೆನ್. ಹಾಗೆಂದು ನನ್ನ ಕಡೆ ನೋಡಿದಳು.

ನಾನು ಮಾತಾಡಲಿಲ್ಲ.

ಅವಳು ಸಟ್ಟುಗವನ್ನು ಕೆಳಗಿಟ್ಟು, ಏಪ್ರನ್ ಬಿಚ್ಚಿ ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲಿರಿಸಿ, ನಡೆದುಕೊಂಡೇ ಮನೆಗೆ ಹೋದಳು. ಓಡಲಿಲ್ಲ. ಓಡಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ. ಪ್ರತಿ ಬಣ್ಣದ ಮುಂದೆ ಒಂದು ಚೀಟಿ ನಿಲ್ಲಿಸುವುದು ನಮ್ಮ ಪದ್ಧತಿ, ನೀನೂ ಬರೆದವಳೇ. ಮೇಲೆ ಭಯಂಕರವಾದ ಒಂದು ಹೆಸರು, ಕೆಳಗೆ ಏನೇನು ಹಾಕಿದೆ ಎಂಬ ಪಟ್ಟಿ. ಶುಕ್ರವಾರ ಸಂಜೆ ಮಾರೆನ್ ಎಲ್ಲ ಚೀಟಿಗಳನ್ನೂ ಬರೆದು ನನ್ನ ಮುಂದಿಟ್ಟಳು. ಬಾವಲಿಯ ಚೀಟಿಯ ಕೆಳಗೆ ಇದ್ದಿಲ ಪುಡಿ ಎಂದು ಬರೆದಿದ್ದಳು. ಅದರ ಕೆಳಗೆ, ದಿನವೂ ಔಷಧ ತೆಗೆದುಕೊಳ್ಳುವವರು ಇದನ್ನು ತಿನ್ನಬೇಡಿ ಎಂದು ಕೆಂಪು ಶಾಯಿಯಲ್ಲಿ ಇನ್ನೊಂದು ಸಾಲು. ಪೊಟ್ಟಣದ ಹಿಂಬದಿಯಲ್ಲಿ ಹಾಗಿದೆಯೆಂದು ತೋರಿಸಿದಳು. ನಾನು ಕನ್ನಡಕವನ್ನೂ ಹಾಕಿಕೊಳ್ಳದೆ, “ಎಲ್ಲಾ ಪೊಟ್ಟಣದ ಹಿಂದೇನೂ ಏನಾದರೊಂದು ಹೆದರಿಸಿರ್ತಾರೆ ಕಣೇ. ಇದು ಔಷಧದ ಬಾಟಲಿ ಥರ ಕಾಣುತ್ತೆ, ಮಜವೇ ಹೋಯ್ತು” ಎಂದೆ. ಕತ್ತರಿ ತೆಗೆದುಕೊಂಡು ಎಲ್ಲ ಚೀಟಿಗಳ ಕೆಳಭಾಗವನ್ನೂ ಅಂಕುಡೊಂಕಾಗಿ, ಬಾವಲಿಯ ರೆಕ್ಕೆಯ ಅಂಚಿನಂತೆ ಕತ್ತರಿಸಿದೆ. ತುಂಬ ಚೆನ್ನಾಗಿ ಕಾಣುತ್ತಿತ್ತು. “ಟೀಚರ್, ಇರ್ಲಿ ಬಿಡಿ” ಎಂದು ಅವಳು ಒಮ್ಮೆ ಅಂದಳು. ನಾನು ಕೇಳಿಸಿಕೊಳ್ಳದವಳಂತೆ ಮುಂದಿನ ಚೀಟಿ ಎತ್ತಿಕೊಂಡೆ.

ಮೂವತ್ತೊಂದು ವರ್ಷ ನಾನು ಕಲಿಸಿದ ಮೊದಲ ಪಾಠ, ಪೊಟ್ಟಣದ ಹಿಂಬದಿಯನ್ನು ಪೂರ್ತಿ ಓದಿರಿ ಎಂಬುದು. ನಿನ್ನ ಮಗಳು ಅದನ್ನು ಕಲಿತಿದ್ದಳು. ಠಾಣೆಯಲ್ಲಿ ನಾನೇಕೆ ಬಾಯಿ ಬಿಡಲಿಲ್ಲವೆಂದು ನಿನ್ನೆಯಿಂದ ಕೇಳಿಕೊಳ್ಳುತ್ತಿದ್ದೇನೆ. ಗಾಬರಿಯಾಗಿತ್ತೆಂದು ಹೇಳಿದರೆ ಅರ್ಧ ಸತ್ಯ. ಆ ಇನ್ನೂರು ಜನರಲ್ಲಿ ಮುಕ್ಕಾಲು ಮಂದಿ ನನ್ನ ವಿದ್ಯಾರ್ಥಿಗಳು. ಅವರ ಕಣ್ಣಲ್ಲಿ ಸಣ್ಣವಳಾಗಲು ನನ್ನಿಂದ ಆಗಲಿಲ್ಲ. ಚಿಕ್ಕವಳು ಹೇಗೋ ತಡೆದುಕೊಳ್ಳುತ್ತಾಳೆ, ಊರು ಅವಳನ್ನು ಬೇಗ ಕ್ಷಮಿಸುತ್ತದೆ ಎಂದು ಆ ಗಳಿಗೆಯಲ್ಲೇ ಲೆಕ್ಕ ಹಾಕಿದ್ದೆ. ಎಷ್ಟು ಬೇಗ ಲೆಕ್ಕ ಹಾಕಿದೆನೆಂಬುದೇ ನನ್ನನ್ನು ಹೆದರಿಸುತ್ತಿದೆ.

ಟ್ರಿನಾ ಎಮೆಟ್‌ನನ್ನು ಆಸ್ಪತ್ರೆಗೆ ಕರೆದೊಯ್ದಾಗ ನಾನೂ ಹಿಂದೆ ಹೋಗಿ ಸಂಜೆಯವರೆಗೆ ಅಲ್ಲಿದ್ದೆ. ರಾತ್ರಿಯೂಟಕ್ಕೆ ಮಾರೆನ್ ಇಳಿದು ಬರಲಿಲ್ಲ. ತಟ್ಟೆಯನ್ನು ಬಾಗಿಲ ಬಳಿ ಇಟ್ಟುಬಂದೆ, ಮುಟ್ಟಿಲ್ಲ. ಈಗ ಒಂಬತ್ತೂಮುಕ್ಕಾಲು. ಮೇಲೆ ನೆಲ ಕಿರುಗುಟ್ಟಿದ ಸದ್ದು ಕೇಳಿತು. ಅವಳೂ ಗಡಿಯಾರ ನೋಡುತ್ತಿರಬೇಕು.

ಮಧ್ಯಾಹ್ನ ಎರಡು ಗಂಟೆ

ಹತ್ತೂಮುಕ್ಕಾಲಾದರೂ ಫೋನ್ ಬರಲಿಲ್ಲ. ಕೂರಲಾಗದೆ ನಾನೇ ಕಾರು ತೆಗೆದುಕೊಂಡು ಹೋದೆ. ದಾರಿಯಲ್ಲಿ ಎರಡು ಕಡೆ ನಿಲ್ಲಿಸಬೇಕಾಯಿತು. ಮಗುವಿಗೆ ಫಿಟ್ಸ್ ಬಂದಿದ್ದರೆ ಟ್ರಿನಾಳಿಗೆ ಯಾವ ಬಾಯಲ್ಲಿ ಹೇಳುವುದು. ಬಂದಿಲ್ಲದಿದ್ದರೆ, ಎಲ್ಲ ಸರಿಹೋಯಿತಲ್ಲ ಇನ್ನೇಕೆ ಹೇಳುವುದು ಎಂದು ಮನಸ್ಸು ಮತ್ತೆ ಜಾರಿಕೊಂಡರೆ? ಅದಕ್ಕೇ, ಫಲಿತಾಂಶ ಕೇಳುವ ಮೊದಲೇ ಹೇಳಿಬಿಡಬೇಕೆಂದು ನಿಶ್ಚಯಿಸಿಕೊಂಡೆ.

ಟ್ರಿನಾ ಕಾರಿಡಾರಿನಲ್ಲೇ ಸಿಕ್ಕಳು, ನಿನ್ನೆಯ ಅದೇ ಬಟ್ಟೆಯಲ್ಲಿ. ಅವಳು ಬಾಯಿ ತೆರೆಯುವಷ್ಟರಲ್ಲಿ ನಾನು ಕತ್ತರಿಯ ವಿಷಯವನ್ನು ಹೇಳಿದೆ. ಕೆಂಪು ಶಾಯಿಯ ಸಾಲನ್ನೂ ಹೇಳಿದೆ. ಅವಳು “ಮನೆಗೆ ಹೋಗಿ ಟೀಚರ್” ಎಂದಳು. ನಾನು ತಿರುಗಿದಾಗ ಹಿಂದಿನಿಂದ, “ಆ ಹುಡುಗಿಗೆ ನಾನು ಎಲ್ರೆದುರು ಕೂಗಾಡಿದೆ. ನೀವು ಪಕ್ಕದಲ್ಲೇ ನಿಂತಿದ್ರಿ” ಎಂದಳು.

ರಕ್ತದಲ್ಲಿ ಔಷಧದ ಪ್ರಮಾಣ ಇಳಿದಿತ್ತಂತೆ, ಈಗ ಮತ್ತೆ ಏರಿದೆಯಂತೆ. ಫಿಟ್ಸ್ ಬಂದಿಲ್ಲ. ಸಂಜೆ ಮನೆಗೆ ಕಳುಹಿಸುತ್ತಾರೆ, ಮೂರು ದಿನ ಕಣ್ಣಿಟ್ಟಿರಲು ಹೇಳಿದ್ದಾರೆ. ಇದನ್ನು ದಾದಿ ಹೇಳಿದ್ದು, ಟ್ರಿನಾ ಹೇಳಲಿಲ್ಲ. ತೆರೆದ ಬಾಗಿಲಿನಿಂದ ಎಮೆಟ್ ನನ್ನನ್ನು ಕಂಡು, “ಮಾರೆನಕ್ಕ ಬಂದಿಲ್ವಾ? ಮುಂದಿನ್ಸಲ ಜೇಡ ಮಾಡ್ತೀನಿ ಅಂದಿದ್ಳು!” ಎಂದು ಕಿರುಚಿದ. ಮೂರು ದಿನ ಕಳೆಯುವವರೆಗೆ ನನಗೆ ನಿದ್ದೆಯಿಲ್ಲ.

ಅಲ್ಲಿಂದ ನೇರ ರೋಲಿಯ ಮನೆಗೆ ಹೋಗಿ ಅವನಿಗೂ ಎಲ್ಲ ಹೇಳಿ, ಠಾಣೆಯ ಅಡುಗೆಮನೆಯ ಬೀಗದ ಕೈಯನ್ನು ಅವನ ಕೈಗಿತ್ತೆ. “ನೀವಿಲ್ದೇ ಇದು ನಡೆಯೋದು ಹೇಗೆ ಟೀಚರ್?” ಎಂದ. ಇನ್ನು ಚೀಟಿಗಳನ್ನು ಬರೆದವರೇ ನಿಲ್ಲಿಸಲಿ, ದೊಡ್ಡವರು ಯಾರೂ ಕೈಹಾಕದಿರಲಿ ಎಂದೆ. ಮಾರೆನ್‌ಗೆ ಕ್ಷಮೆ ಕೇಳಲು ತಾನೇ ಬರುತ್ತೇನೆಂದು ಅವನು ಕೋಟು ಹಾಕಿಕೊಂಡ. ನಾನು ಮೊದಲು ಕೇಳಬೇಕಿದೆ, ನಾಳೆ ಬಾ ಎಂದು ತಡೆದೆ.

ಮನೆಗೆ ಬಂದಾಗ ಅವಳು ಮೆಟ್ಟಿಲ ಮೇಲೆ ಕುಳಿತಿದ್ದಳು. ಎಮೆಟ್ ಚೆನ್ನಾಗಿದ್ದಾನೆಂದೆ. ಮೊಣಕಾಲಿಗೆ ಹಣೆ ಹಚ್ಚಿಕೊಂಡು ತುಂಬ ಅತ್ತಳು. ಆಮೇಲೆ ನಾನು ಉಳಿದದ್ದನ್ನು ಹೇಳಿದೆ, ಕ್ಷಮೆಯನ್ನೂ ಕೇಳಿದೆ.

“ನಾನು ಬರೆದಿದ್ದೆ, ಟೀಚರ್.”

“ಹೌದು, ಬರೆದಿದ್ದೆ.”

“ಅಮ್ಮನಿಗೆ ಹೇಳಿದ್ರಾ?”

ಬರೆಯುತ್ತಿದ್ದೇನೆ ಎಂದೆ. ಅವಳು ತಲೆಯಾಡಿಸಿ, ಅಡುಗೆಮನೆಗೆ ಹೋಗಿ ಬ್ರೆಡ್ಡು ಬೆಣ್ಣೆ ತೆಗೆದುಕೊಂಡು ಮತ್ತೆ ಮೇಲೆ ಹೋದಳು. ಕ್ಷಮಿಸಿದೆನೆಂದು ಅವಳು ಹೇಳಲಿಲ್ಲ. ಹೇಳಲೆಂದು ನಾನು ಕಾಯುತ್ತಲೂ ಇಲ್ಲ. ಸುಳ್ಳು ಸಮಾಧಾನ ಹೇಳದ ಮಗಳನ್ನು ನೀನು ಬೆಳೆಸಿದ್ದೀಯೆ. ಇಂಥ ಮಕ್ಕಳ ಕೈಗೆ ಕಾವಲಿ ಹೋಗುತ್ತದೆಂಬ ನಂಬಿಕೆ ನನಗೆ ಈಗಲೂ ಇದೆ, ನಿನ್ನೆಗಿಂತ ಹೆಚ್ಚಾಗಿಯೇ ಇದೆ.

ಜನವರಿಯಲ್ಲಿ ಹಡಗು ಲಂಗರು ಹಾಕುವವರೆಗೆ ಅವಳು ನನ್ನ ಮನೆಯಲ್ಲಿರಬೇಕೆಂದು ನಾವು ಮಾತಾಡಿಕೊಂಡಿದ್ದೆವು. ಈಗ ಅದನ್ನು ನೀನೇ ಮತ್ತೊಮ್ಮೆ ಯೋಚಿಸಬೇಕು. ನಿನ್ನ ಚಿಕ್ಕಮ್ಮನ ಮನೆಗೆ ಕಳುಹಿಸು ಎಂದರೆ ಅವಳ ಪೆಟ್ಟಿಗೆಯನ್ನು ನಾನೇ ಕಟ್ಟಿಕೊಡುತ್ತೇನೆ, ಒಂದು ಮಾತೂ ಆಡುವುದಿಲ್ಲ. ಇಲ್ಲಿಯೇ ಇರಲಿ ಎಂದರೆ, ನನಗೆ ಅಲ್ಲ, ಅವಳಿಗೆ ಬರೆ. ಹಾಗೆ ಬರೆಯುವ ಮುನ್ನ ಅವಳನ್ನೇ ಒಮ್ಮೆ ಕೇಳು.

ನಿನ್ನ ಉತ್ತರಕ್ಕೆ ಹೆದರುತ್ತಲೇ ಕಾಯುವ,
ವರ್ನಾ ಕಾಲಿಯೊ

ಮರೆತದ್ದಲ್ಲ, ಮುಂದೂಡಿದ್ದು: ಹಡಗಿಗೆ ಬರುವ ಅಂಚೆದೋಣಿಯ ಅದೇ ಚೀಲದಲ್ಲಿ ನಿನಗೆ ನನ್ನ ಇನ್ನೊಂದು ಪತ್ರವೂ ಬರುತ್ತದೆ. ನಿನ್ನೆ ಮಧ್ಯಾಹ್ನ ಆಸ್ಪತ್ರೆಯ ಬೆಂಚಿನ ಮೇಲೆ ಬರೆದು, ಅಲ್ಲಿಯ ಅಂಚೆಪೆಟ್ಟಿಗೆಗೇ ಹಾಕಿದ್ದು. ಅದರಲ್ಲಿ ಕತ್ತರಿಯ ಮಾತಿಲ್ಲ. ಮಾರೆನ್ ಇನ್ನೂ ಚಿಕ್ಕವಳು, ಅಜಾಗರೂಕತೆಯಿಂದ ಒಂದು ತಪ್ಪು ಮಾಡಿದಳು, ಅವಳ ಮೇಲೆ ಸಿಟ್ಟಾಗಬೇಡ ಎಂದು ಬಹಳ ಪ್ರೀತಿಯಿಂದ ಬರೆದಿದ್ದೇನೆ. ತೆರೆಯದೆ ಹರಿದುಹಾಕು ಎಂದು ಕೇಳಿಕೊಳ್ಳಲು ಹೊರಟಿದ್ದೆ. ಬೇಡ, ಓದು. ನಿನ್ನ ಮಗಳನ್ನು ಯಾರ ಮನೆಯಲ್ಲಿ ಬಿಡಬೇಕೆಂದು ತೀರ್ಮಾನಿಸುವಾಗ ಎರಡೂ ನಿನ್ನ ಮುಂದಿರಲಿ.