ಕೊನೆಯ ಹೊಲಕ್ಕೆ ನೀರು

ಕೋಕ್‌ತೆರಾಕ್ ಹಳ್ಳಿ, ಮರ್ಗಿಲಾನ್
೯ ಏಪ್ರಿಲ್ ೨೦೦೪

ನನ್ನ ಕರುಳಿನ ಕುಡಿ ಮಾವ್ಜುದಾಳಿಗೆ,

ದೇವರು ನಿನ್ನನ್ನು ಆ ದೊಡ್ಡ ಊರಿನಲ್ಲಿ ತನ್ನ ನೆರಳಿನಲ್ಲಿಟ್ಟಿರಲಿ. ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಎಂದೆನಲ್ಲ, ಹಾಗಿಲ್ಲ. ಫೋನು ಇರುವುದು ನಿನ್ನ ಅಪ್ಪ ಮಲಗಿರುವ ಕೋಣೆಯಲ್ಲೇ. ಅವರ ಕಣ್ಣು ನನ್ನ ಬಾಯಿಯ ಮೇಲೇ ಇರುತ್ತದೆ. ಅದಕ್ಕೇ ಬರೆದು ತಾಷ್ಕೆಂಟ್ ಬಸ್ಸಿನವನ ಕೈಯಲ್ಲಿ ಕಳಿಸುತ್ತೇನೆ.

ಅಪ್ಪನ ಬಲಗಾಲಿನ ಬೆರಳುಗಳು ಕಪ್ಪಾಗಿವೆ. ಕಾಲುವೆಯ ಹೂಳು ತೆಗೆಯುವಾಗ ಬೂಟು ಕಚ್ಚಿ ಗುಳ್ಳೆ ಎದ್ದಿತ್ತು, ಸಕ್ಕರೆ ಕಾಯಿಲೆಯ ಮೈ, ಮಾಯಲಿಲ್ಲ. ಪಾದ ತೆಗೆಯದಿದ್ದರೆ ಜೀವ ಉಳಿಯದು ಎಂದು ಡಾಕ್ಟರು ಹೇಳಿಯಾಯಿತು. ಇವರು ಒಪ್ಪುತ್ತಿಲ್ಲ. ಅದಕ್ಕೆ ಕೊಡುವ ಕಾರಣ ನೀನು ಅವರ ಮೈ ಮೇಲೆ ಮಾಡಿದ ಪರೀಕ್ಷೆ.

ಹೋದ ಚಳಿಗಾಲದ ಮೊದಲಲ್ಲಿ ಅವರನ್ನು ನಿಮ್ಮ ವೈದ್ಯಕೀಯ ಸಂಶೋಧನಾ ಸಂಸ್ಥೆಗೆ ಕರೆಸಿಕೊಂಡು, ಸಕ್ಕರೆ ನೀರು ಕುಡಿಸಿ, ತೋಳಿಗೆ ಪಟ್ಟಿ ಬಿಗಿದು ನೋಡಿದೆಯಲ್ಲ. ರಕ್ತದಲ್ಲಿ ಸಕ್ಕರೆ ಏರಿದಾಗ ತೋಳಿನ ರಕ್ತನಾಳ ಬಿಗಿದುಕೊಂಡೇ ಇತ್ತು. ಇನ್ನೊಂದು ದಿನ ವಿಟಮಿನ್ ಸಿ, ಇ ಮಾತ್ರೆ ಮೊದಲು ನುಂಗಿಸಿ ನೋಡಿದಾಗ ಅದೇ ನಾಳ ಚೆನ್ನಾಗಿ ತೆರೆಯಿತು. ನೀನು ಖುಷಿಯಿಂದ, "ಅಪ್ಪಾ, ಇದು ಹುಡುಗನ ನಾಳ ಇದ್ದಂಗಿದೆ" ಅಂದೆಯಂತೆ. ಅದು ಆ ಒಂದೆರಡು ತಾಸಿನ ಮಾತು ಎಂದೂ ಹೇಳಿದ್ದೆಯಂತೆ. ಅಷ್ಟು ಮಾತ್ರ ಇವರ ಕಿವಿಗೆ ಬೀಳಲಿಲ್ಲ.

ಊರಿನ ನೀರು ಹಂಚುವವರಲ್ಲವೇ, ಎಲ್ಲವೂ ಕಾಲುವೆಯ ಲೆಕ್ಕ. ಚಹಾ ಅಂಗಡಿಯಲ್ಲಿ ಕ್ಷೌರಿಕ ತುರ್ಸುನ್‌ಬೊಯ್, "ಏನಯ್ಯಾ ಎರ್ಗಶ್, ನಿನ್ನ ಮೈಯಾಗೆ ಹೊಸ ಕಾಲುವೆ ತೋಡಿದಾರಂತೆ, ನಮ್ ಹತ್ತಿ ಹೊಲಕ್ಕೂ ಒಂದಿಷ್ಟು ಬಿಡು" ಎಂದು ಕಿಚಾಯಿಸಿದರೆ, ಇವರು, "ಬಿಡ್ತೀನಿ, ಮೊದ್ಲು ನಿನ್ ಕತ್ತರಿ ಹರಿತ ಮಾಡ್ಕೋ" ಎಂದು ಮೀಸೆ ತಿರುವುತ್ತಿದ್ದರು.

ಆಮೇಲೆ ನವ್ರೋಜ್, ಹೊಸ ವರ್ಷದ ಹಬ್ಬ, ಬಂತು. ಮೊಳಕೆ ಗೋಧಿಯ ಸುಮಲಕ್ ಪಾಯಸ ಎಲ್ಲ ಮನೆಗಳಿಂದಲೂ ಬಂತು. ದೇವದೂತರು ಬೆರಳಿಟ್ಟ ತಿನಿಸು, ಬೇಡ ಎನ್ನುವಂತಿಲ್ಲ. "ಒಂದು ಹರಳು ಸಕ್ಕರೆ ಹಾಕಿದ್ದಾರೇನೇ ಇದಕ್ಕೆ? ಮಗಳು ಕೊಟ್ಟ ವಿಟಮಿನ್ನೂ ಮೊಳಕೆಯಲ್ಲೇ ಇರೋದು" ಎಂದು ಬಟ್ಟಲ ಮೇಲೆ ಬಟ್ಟಲು ಖಾಲಿ ಮಾಡಿದರು. ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ನಿನ್ನ ವಿಟಮಿನ್ ಮಾತ್ರ ನುಂಗಿದರು. ಸಕ್ಕರೆ ಹಾಕದಿದ್ದರೂ ಮೊಳಕೆಯ ಸಿಹಿ ರಕ್ತಕ್ಕೆ ಸಕ್ಕರೆಯೇ ಎಂದು ಡಾಕ್ಟರು ಹೇಳಿದ ಮೇಲೆ ನಮಗೆ ತಿಳಿದದ್ದು.

ಈಗ ಡಾಕ್ಟರು ಬಂದರೆ, "ಮೇಲೆ ಕಾಲುವೆ ಬಾಯಿ ತೆರೆದಿದೆ, ಕೊನೆ ಹೊಲಕ್ಕೆ ನೀರು ಯಾಕೆ ಹೋಗಲ್ಲ ಹೇಳಿ? ನನ್ ಮಗಳು ಯಂತ್ರ ಇಟ್ಟು ನೋಡಿದಾಳೆ, ನೀವು ಬರಿ ಕೈಲಿ ಮುಟ್ಟಿದೀರಿ" ಎನ್ನುತ್ತಾರೆ. ನೀನು ನೋಡಿದ್ದು ತೋಳು, ಕಾಲಲ್ಲ ಎಂದು ನಾನು ಹೇಳಿದರೆ ಗೋಡೆಯ ಕಡೆ ತಿರುಗುತ್ತಾರೆ.

ನಿನ್ನ ಮೇಲೆ ತಪ್ಪು ಹೊರಿಸಲು ಬರೆದದ್ದಲ್ಲ. ನಮಾಜಿನ ಚಾಪೆಯ ಮೇಲೆ ಕೂತು ಹೇಳುತ್ತೇನೆ, ನಿನ್ನ ತಪ್ಪಿಲ್ಲ. ಆದರೆ ಅವರು ಕೇಳುವುದು ನಿನ್ನ ಮಾತೊಂದನ್ನೇ. ಕಾಲು ತೆಗೆಸಿಕೋ ಅಪ್ಪಾ ಎಂದು ನಿನ್ನ ಬಾಯಿಂದಲೇ ಹೇಳಬೇಕು. ಇದು ಸಿಕ್ಕ ಕೂಡಲೇ ಫೋನು ಮಾಡು.

ದುವಾದಲ್ಲಿ ನಿನ್ನನ್ನು ನೆನೆಯುವ ತಾಯಿ,
ಸನೋಬರ್

ಮರೆತ ಮಾತಲ್ಲ, ಆಮೇಲೆ ನಡೆದದ್ದು: ಬಸ್ಸು ಹೊರಡುವ ಮೊದಲೇ ಕಪ್ಪು ಹಿಮ್ಮಡಿಗೆ ಏರಿತು, ಕಾಗದ ನನ್ನ ಬಳಿಯೇ ಉಳಿಯಿತು. ನಿನ್ನ ಫೋನಿಗೆ ಕಾಯಲು ಆಗಲಿಲ್ಲ. ಅವರು ನಿದ್ದೆಯಲ್ಲಿದ್ದಾಗ ನೀನು ಫೋನು ಮಾಡಿದ್ದೆ, ತೆಗೆಸಿಕೊಳ್ಳಲೇಬೇಕು ಅಂದೆ ಎಂದು ಅವರಿಗೆ ಸುಳ್ಳು ಹೇಳಿಬಿಟ್ಟೆ. ಗೋಡೆಯಿಂದ ನನ್ನ ಕಡೆ ತಿರುಗಿ, "ಹೇಳುವಾಗ ಅತ್ತಳಾ?" ಎಂದರು. ಇಲ್ಲ ಅಂದೆ. "ಹಂಗಾದ್ರೆ ಸರಿ, ಲೆಕ್ಕ ನೋಡೇ ಹೇಳಿದಾಳೆ, ಕರಿ ಡಾಕ್ಟರನ್ನ" ಎಂದರು. ಪಾದ ಹೋಯಿತು, ಜೀವ ಇದೆ. ಸುಳ್ಳಿನ ಲೆಕ್ಕ ದೇವರು ನನ್ನನ್ನೇ ಕೇಳಲಿ. ನೀನು ಬಾ. ಅಳುವುದಿದ್ದರೆ ದಾರಿಯಲ್ಲೇ ಅತ್ತು ಮುಗಿಸಿ ಬಾ.