ಕುಡುಗೋಲು ಹೊರಗಿರಲಿ

ವೇದಿಕೆಯನ್ನು ಅಲಂಕರಿಸಿರುವ ಮೂರು ಹಂಸದೋಣಿಗಳೇ, ಮುಂದಿನ ಸಾಲಿನಲ್ಲಿ ಒಂಟಿಕಾಲಲ್ಲಿ ನಿಂತಿರುವ ಬೆಳ್ಳಕ್ಕಿಗಳೇ, ನೀರೊಳಗಿನಿಂದಲೇ ಆಲಿಸುತ್ತಿರುವ ಜಿಲೇಬಿ ಮೀನುಗಳೇ, ಹಾಗೂ ಇಂದಿನ ಸಮಾರಂಭದ ಕೇಂದ್ರಬಿಂದುವೂ ಎರಡು ಸೀಮೆಹಸುಗಳ ಒಡತಿಯೂ ಆದ ಶ್ರೀಮತಿ ಮುದ್ದಮ್ಮನವರೇ,

(ಶೋಭಿತಾ, ನಿಮ್ಮತ್ತೆಗೆ ಇದನ್ನು ಕೊನೆಯವರೆಗೂ ಓದಿ ಹೇಳಬೇಕು. ನಗು ಬಂದರೆ ನಕ್ಕು ಮುಂದಕ್ಕೆ ಹೋಗು. ಕೊನೆಯಲ್ಲಿ ನಗು ಬರುವುದಿಲ್ಲ, ಆದರೂ ನಿಲ್ಲಿಸಬೇಡ.)

ಮುದ್ದತ್ತೆ, ಊರಿನ ವರಸೆಯಲ್ಲಿ ನೀನು ನನಗೆ ಅತ್ತೆ. ಬಿ.ಎ. ಮುಗಿಸಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚು ಸವೆಸುತ್ತಿದ್ದ ನನ್ನನ್ನು ಸಾಹುಕಾರರ ಮುಂದೆ ನಿಲ್ಲಿಸಿದವಳು ನೀನೇ. "ನಮ್ ರಾಜ ಕನ್ನಡ್ದಲ್ಲಿ ಬಿಯೇ ಮಾಡವ್ನೆ. ನಿಮ್ ದೋಣಿ ಎಲ್ಗೂ ಓಗ್ದಂಗೆ ನೋಡ್ಕತಾನೆ" ಅಂದಿದ್ದೆ. ಹದಿನಾಲ್ಕು ವರ್ಷವಾಯಿತು. ದೋಣಿ ಎಲ್ಲಿಗೂ ಹೋಗಿಲ್ಲ, ನಾನೂ ಹೋಗಿಲ್ಲ.

ಸಾಹುಕಾರರು ತಮ್ಮ ಜಮೀನಿನ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿಸಿ, ನಿಂತ ನೀರಿಗೆ ದೋಣಿ ಬಿಟ್ಟು, ಭಾನುವಾರದ ಸಂಸಾರಗಳಿಗೆ ತೆರೆದ ಜಾಗ ಇದು. ದೋಣಿ ಅವರದು, ಬೋರ್ಡು ನನ್ನದು. "ಏರಿಯ ಮೇಲೆ ಏರಬೇಡಿ, ಜಾರಿದ ಮೇಲೆ ದೂರಬೇಡಿ." "ಜಾಕೆಟ್ಟು ಮೊದಲು ತೊಡಿ, ಆಮೇಲೆ ಫೋಟೋ ಹೊಡಿ." ಪ್ರಾಸ ಸಿಕ್ಕಿದ ದಿನ ನನಗೆ ಮುದ್ದೆಯೂ ಬೇಡ ಎಂದು ನೀನು ಆಡಿಕೊಳ್ಳುತ್ತಿದ್ದೆ. ಆದರೂ ಮುದ್ದೆ ತರುತ್ತಿದ್ದೆ.

ನಿನಗೂ ಏರಿಗೂ ಒಂದು ಒಪ್ಪಂದವಿತ್ತು, ಯಾರೂ ಬರೆದಿಟ್ಟದ್ದಲ್ಲ. ಏರಿಯ ಹೊರಮೈಯ ಹುಲ್ಲು ನಿನ್ನ ಹಸುಗಳಿಗೆ. ಅದಕ್ಕೆ ಬದಲಾಗಿ ನೀನು ದಿನಾ ಬೆಳಿಗ್ಗೆ ಏರಿಯ ಬುಡದುದ್ದಕ್ಕೂ ನಡೆಯುತ್ತಿದ್ದೆ. ಬೇರು ಮಣ್ಣು ಹಿಡಿದಿರಲಿ ಎಂದು ಮೂರು ಬೆರಳು ಬಿಟ್ಟೇ ಹುಲ್ಲು ಕೊಯ್ಯುತ್ತಿದ್ದೆ. ಎಕ್ಕವೋ ಜಾಲಿಯೋ ಮೊಳೆತಿದ್ದರೆ ಕಿತ್ತೆಸೆಯುತ್ತಿದ್ದೆ. ನಳ್ಳಿ ತೋಡಿದ ಬಿಲ ಕಂಡರೆ ಜೇಡಿಮಣ್ಣು ತುಂಬಿ, ಸೆರಗು ಸಿಕ್ಕಿಸಿ, ಹಿಮ್ಮಡಿಯಲ್ಲಿ ತುಳಿಯುತ್ತಿದ್ದೆ. ಇದನ್ನೆಲ್ಲ ನಾನು ಹುಲ್ಲು ಕೊಯ್ಯುವುದು ಅಂದುಕೊಂಡಿದ್ದೆ. ಪದವೀಧರ.

ಈ ಯುಗಾದಿ ಕಳೆದ ಮೇಲೆ ಏರಿಗೆ ತಂತಿಬೇಲಿ ಬಂತು, ಗೇಟಿಗೆ ಬೀಗ ಬಂತು, ಬೀಗದ ಮೇಲೆ ನನ್ನ ಬೋರ್ಡು ಬಂತು: "ಕುಡುಗೋಲು ಹೊರಗಿರಲಿ, ಹಸಿರು ನಗುತಿರಲಿ." ಸಾಹುಕಾರರ ಅಪ್ಪಣೆ ಎಂದು ನಿನಗೆ ಹೇಳಿದೆ. ನೀನು ಖಾಲಿ ಮಂಕರಿಯನ್ನು ಸೊಂಟಕ್ಕೆ ಆನಿಸಿಕೊಂಡೆ. "ಅವ್ರು ಏಳುದ್ರೆ ನೀನೇನ್ ಮಾಡೀಯ, ಬುಡು" ಎಂದು ನನಗೇ ಸಮಾಧಾನ ಹೇಳಿ ಹೋದೆ.

ಹಸಿರು ನಕ್ಕಿತು. ಮೊಣಕಾಲುದ್ದ ಬೆಳೆದು ನಕ್ಕಿತು. ಬಂದವರೆಲ್ಲ ಅದರ ಮುಂದೆ ನಿಂತು ಫೋಟೋ ಹೊಡೆಸಿಕೊಂಡರು. ಅದರ ಬುಡದಲ್ಲಿ ಏನಾಗುತ್ತಿದೆ ಎಂದು ಬಗ್ಗಿ ನೋಡುವ ಸೊಂಟ ಮಾತ್ರ ಅಲ್ಲಿರಲಿಲ್ಲ.

ಶ್ರಾವಣದಲ್ಲಿ ಮೂರು ದಿನ ಬಿಡದೆ ಮಳೆ ಹೊಡೆದ ಮಾರನೆಯ ಬೆಳಿಗ್ಗೆ, ಏರಿಯ ಕೆಳಗಿನ ನಿಮ್ಮ ಗದ್ದೆಯಲ್ಲಿ ನಾಟಿ. ಹನ್ನೊಂದು ಜನ ಹೆಂಗಸರು ಸಾಲಾಗಿ ಬಗ್ಗಿದ್ದರು. ನೀನು ಬದುವಿನ ಹುಲ್ಲು ಕೊಯ್ಯುತ್ತಿದ್ದವಳು ಬೇಲಿಯ ಹತ್ತಿರ ಬಂದು ಕೂಗಿದೆ. "ಲೇ ರಾಜ, ಏರಿ ಬುಡ್ದಲ್ಲಿ ಕೆಂಪ್ ನೀರ್ ಬತ್ತಾದೆ. ಮೊದ್ಲು ತೂಬು ಎತ್ಲಾ."

ತಿಳಿನೀರು ಜಿನುಗಿದರೆ ಏರಿ ಬೆವರುತ್ತಿದೆ ಅಂತ. ಕೆಂಪು ನೀರು ಬಂದರೆ ಒಳಗೊಳಗೇ ಕರಗುತ್ತಿದೆ ಅಂತ. ಊರಕೆರೆಯ ತೂಬು ಕಾಯುವ ನೀರುಗಂಟಿಯಾಗಿದ್ದ ನಿನ್ನ ಗಂಡ ಚಿಕ್ಕಬೋರಯ್ಯ ಮಾವ ನಿನಗೆ ಹೇಳಿದ್ದನ್ನು ನೀನು ನನಗೆ ನೂರು ಸಲ ಹೇಳಿದ್ದೆ. ನಾನು ಯಾವುದೋ ಪ್ರಾಸ ಹುಡುಕುತ್ತಾ ಹೂಂಗುಟ್ಟಿದ್ದೆ.

ನಾಟಿಯವರನ್ನು ನೀನು ದಿಬ್ಬ ಹತ್ತಿಸಿದೆ, ನಾನು ತೂಬು ಎತ್ತಿ ಕೊಳದ ನೀರು ಹೊರಬಿಟ್ಟೆ. ಆಮೇಲೆ ಕೆಂಪು ನೀರು ಬುಗ್ಗೆಯೇಳುತ್ತಿದ್ದ ತೂತಿಗೆ ಸಿಮೆಂಟು ಮೂಟೆ ತುರುಕಲು ಹೋದೆ. ನೀನು ಬೇಲಿಯ ಆಚೆಯಿಂದಲೇ ತಡೆದೆ.

"ಬಾಯ್ ಮುಚ್ಚಬ್ಯಾಡ ಕಣ್ಲಾ. ಮುಚ್ಚುದ್ರೆ ಇನ್ನೊಂದ್ ಕಡೆ ಕಿತ್ಕತದೆ. ಮರಳ್ ಆಕು, ಅದ್ರ ಮ್ಯಾಕೆ ಜಲ್ಲಿ ಆಕು. ನೀರ್ ಬರ್ಲಿ, ಮಣ್ ಬರಬಾರ್ದು."

ಹಾಗೇ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ನೀರು ತಿಳಿಯಾಯಿತು. ಬೀಗ ತೆಗೆದು, ಒಳಗೆ ಬಾ ಅತ್ತೆ, ಟೀ ಕುಡಿ ಅಂದೆ. ನೀನು ಸೊಂಟದ ಕುಡುಗೋಲು ಮುಟ್ಟಿ ತೋರಿಸಿದೆ. "ಇದು ಒರಗಿರ್ಬೇಕಂತಲ್ಲ. ಸೋಬಿತ ಓದೇಳವ್ಳೆ. ಚೆಂದಾಗ್ ಬರ್ದಿದೀಯ ಬುಡು." ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನಾನು ಆ ದಿನ ಊಟ ಮಾಡುತ್ತಿದ್ದೆ.

ಕೊಳ ತಗ್ಗಿದ ಮೇಲೆ ಅಗೆಸಿದೆವು. ನನ್ನ ತೋಳು ತೂರುವಷ್ಟು ಅಗಲದ ಹೆಗ್ಗಣದ ಬಿಲ. ಜೇಡಿಮಣ್ಣು ಪದರ ಪದರವಾಗಿ ಹಾಕಿ, ದಿಮ್ಮಸು ಬಡಿದು ಮುಚ್ಚಿದ್ದೇವೆ. ಹಂಸದೋಣಿಗಳು ಕೆಸರಲ್ಲಿ ಓರೆಯಾಗಿ ಕೂತು ನನ್ನನ್ನೇ ನೋಡುತ್ತಿವೆ. ಬೋರ್ಡನ್ನು ಕಿತ್ತಿದ್ದೇನೆ. ಹೊಸದಕ್ಕೆ ಪ್ರಾಸ ಹುಡುಕಿದೆ. "ಬಾ" ಎಂಬುದಕ್ಕೆ ಏನೂ ಹೊಂದಲಿಲ್ಲ.

ಆದಕಾರಣ ಸಭಿಕರೇ, ಸಾಹುಕಾರರು ದೊಡ್ಡ ಮನಸ್ಸು ಮಾಡಿ ತಮ್ಮ ಅಪ್ಪಣೆಯನ್ನು ಹಿಂದಕ್ಕೆ ಪಡೆದಿದ್ದು, ಶ್ರೀಮತಿ ಮುದ್ದಮ್ಮನವರು ನಾಳೆಯಿಂದಲೇ ಕುಡುಗೋಲು ಸಮೇತ...

ಅತ್ತೆ, ಅಪ್ಪಣೆ ಅನ್ನುವುದೇ ಇರಲಿಲ್ಲ. ಬಂದವರು ಏರಿ ಹತ್ತುತ್ತಾರೆ ಎಂದು ಹೇಳಿ ಸಾಹುಕಾರರಿಂದ ಬೇಲಿಗೆ ದುಡ್ಡು ಪಡೆದೆ; ನಿನಗೆ ಬೀಗ ಹಾಕಿದ್ದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಯುಗಾದಿಯ ಹಿಂದಿನ ಭಾನುವಾರ ಕಾಲೇಜಿನಲ್ಲಿ ನನ್ನ ಜೊತೆ ಓದಿದವರು ಬಂದಿದ್ದರು. ಇಸ್ತ್ರಿ ಅಂಗಿ ಹಾಕಿಕೊಂಡು, ಇಡೀ ಜಾಗ ನನ್ನದೇ ಅನ್ನುವ ಹಾಗೆ ಅವರಿಗೆ ತೋರಿಸುತ್ತಿದ್ದೆ. ನೀನು ಹುಲ್ಲಿನ ಹೊರೆ ಹೊತ್ತು ಏರಿ ಇಳಿದು ಬಂದು, ಅವರೆಲ್ಲರೆದುರಿಗೆ, "ಲೇ ರಾಜ, ಉಂಡ್ಯೇನ್ಲಾ" ಅಂದೆ. ನನಗೆ ನಾಚಿಕೆಯಾಯಿತು. ಬೀಗ ಹಾಕಿದ್ದು ನಾನು.

ಗೇಟು ತೆಗೆದೇ ಇದೆ. ನೀನು ಬಂದರೂ ಬಾರದಿದ್ದರೂ ನಿನ್ನ ಹಸುಗಳ ಕೆಚ್ಚಲು ತುಂಬಿರಲಿ.

ಇನ್ನೂ ಉಣ್ಣದ,
ನಿನ್ನ ರಾಜ